ಹಳೆ ಐಸ್ ಪೆಟ್ಟಿಗೆಗೆ ಫೋಮ್ ಮುಚ್ಚಳ, ನಲ್ಲಿ, ಗಾಲಿ: ಟೈಲ್‌ಗೇಟ್ ಕೂಲರ್ ರಿಪೇರಿಯ ದಾಖಲೆ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲಿನ ಮಾಮೂಲಿ ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ನವೆಂಬರ್ ಮುಗಿಯುವವರೆಗೆ ನಡೆಯುತ್ತದೆ. ಶನಿವಾರ ಮ್ಯಾಚ್ ಇದ್ದರೆ ಸ್ಟೇಡಿಯಂ ಪಾರ್ಕಿಂಗ್ ಲಾಟುಗಳು ನಾಲ್ಕೈದು ಗಂಟೆ ಮುಂಚೆಯೇ ತುಂಬಿರುತ್ತವೆ. ಗಾಡಿಯ ಹಿಂಬಾಗಿಲು ಇಳಿಸಿ, ಗ್ರಿಲ್ ಹಚ್ಚಿ, ಮಡಚುವ ಕುರ್ಚಿ ಹಾಕಿಕೊಂಡು ಕೂರುವುದಕ್ಕೇ ಟೈಲ್‌ಗೇಟ್ ಅನ್ನುವುದು. ಅಲ್ಲಿ ಗ್ರಿಲ್ ಕೈಕೊಟ್ಟರೆ ಪಕ್ಕದವರದ್ದು ಸಿಗುತ್ತದೆ; ಐಸ್ ಮುಗಿದರೆ ಯಾರೂ ಕೊಡುವುದಿಲ್ಲ. ಮ್ಯಾಚ್ ದಿನ ಸುತ್ತಲಿನ ಪೆಟ್ರೋಲ್ ಬಂಕುಗಳ ಐಸ್ ಫ್ರೀಜರ್ ಬೇಗ ಖಾಲಿಯಾಗುತ್ತದೆ.

ರಿಪೇರಿಗೆ ತೆಗೆದುಕೊಂಡದ್ದು 60 ಕ್ವಾರ್ಟ್, ಅಂದರೆ ಸುಮಾರು 57 ಲೀಟರಿನ ಮಾಮೂಲಿ ಪ್ಲಾಸ್ಟಿಕ್ ಕೂಲರ್. ಗಾಲಿ ಇಲ್ಲ. ಮುಚ್ಚಳದ ಮೂರು ಕೀಲುಗಳಲ್ಲಿ ಒಂದು ಮುರಿದಿದೆ. ಕೆಳಗಿನ ಬಿರಡೆಯಿಂದ ನೀರು ಜಿನುಗುತ್ತದೆ. ಮುಚ್ಚಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಒಳಗೆ ಫೋಮ್ ಇಲ್ಲ. ಅಗ್ಗದ ಕೂಲರುಗಳಲ್ಲಿ ಗೋಡೆ, ತಳಕ್ಕೆ ಫೋಮ್ ತುಂಬಿ ಮುಚ್ಚಳವನ್ನು ಬರೀ ಗಾಳಿಗೆ ಬಿಡುವುದು ಸಾಮಾನ್ಯ.

ಕೆಲಸಕ್ಕೆ ಕೈಹಾಕುವ ಮೊದಲೇ ಒಂದು ಮಾತು. ಬರೀ ಗಾಲಿ ಬೇಕಿದ್ದರೆ ಈ ರಿಪೇರಿ ಬೇಡ. ಗಾಲಿ ಇರುವ ಸಾಧಾರಣ ಹೊಸ ಕೂಲರ್ 50ರಿಂದ 70 ಡಾಲರಿಗೆ ಸಿಗುತ್ತದೆ, ಇಲ್ಲಿ ಒಟ್ಟು ಖರ್ಚು ಅದರ ಎರಡು ಪಟ್ಟಿಗೂ ಮೇಲೆ. ಆದರೆ ಆ ಕೂಲರುಗಳ ಸಣ್ಣ ಗಟ್ಟಿ ಗಾಲಿ ಹುಲ್ಲಿನಲ್ಲಿ, ಜಲ್ಲಿಯಲ್ಲಿ ಉರುಳುವುದಿಲ್ಲ, ಉಳುತ್ತಾ ಹೋಗುತ್ತದೆ. ಟೈಲ್‌ಗೇಟ್ ಜಾಗಗಳಲ್ಲಿ ಡಾಂಬರಿಗಿಂತ ಹುಲ್ಲು, ಜಲ್ಲಿಯೇ ಹೆಚ್ಚು.

1. ಐಸ್ ಹೋಗುವುದೆಲ್ಲಿಗೆ

ಸಾಮಾನು ಕೊಳ್ಳುವ ಮುಂಚೆ ಈ ಲೆಕ್ಕ ಮಾಡಿದರೆ ದುಡ್ಡು ಉಳಿಯುತ್ತದೆ. 12 ಔನ್ಸ್ ಕ್ಯಾನಿನಲ್ಲಿ 355 ಮಿ.ಲೀ. ಇರುತ್ತದೆ. ಅದನ್ನು 27 ಡಿಗ್ರಿ ಸೆಲ್ಸಿಯಸ್‌ನಿಂದ 3 ಡಿಗ್ರಿಗೆ ಇಳಿಸಲು ಸುಮಾರು 36 ಕಿಲೋಜೂಲ್ ಶಾಖ ತೆಗೆಯಬೇಕು. ಒಂದು ಕೆ.ಜಿ. ಐಸ್ ಕರಗುವಾಗ 334 ಕಿಲೋಜೂಲ್ ಹೀರುತ್ತದೆ. ಅಂದರೆ ಕ್ಯಾನಿಗೆ ಸುಮಾರು 107 ಗ್ರಾಂ ಐಸ್; 48 ಕ್ಯಾನಿಗೆ 5 ಕೆ.ಜಿ. ದಾಟುತ್ತದೆ, 11 ಪೌಂಡ್. ಹತ್ತು ಪೌಂಡಿನ ಒಂದು ಚೀಲ ಕ್ಯಾನ್ ತಣಿಸುವುದರಲ್ಲೇ ಖರ್ಚು.

ಟೊಳ್ಳು ಮುಚ್ಚಳದಿಂದ ಹೋಗುವುದು ಇದರ ಮುಂದೆ ಸಣ್ಣದು. ಹೊರಗೆ 30 ಡಿಗ್ರಿ, ಪೆಟ್ಟಿಗೆ ನೆರಳಿನಲ್ಲಿ ಅಂತಿಟ್ಟುಕೊಂಡರೆ, ಮುಚ್ಚಳಕ್ಕೆ ಒಂದು ಇಂಚು ಫೋಮ್ ತುಂಬಿದ್ದಕ್ಕೆ ಗಂಟೆಗೆ 100 ಗ್ರಾಂ ಆಸುಪಾಸು ಐಸ್ ಉಳಿಯುತ್ತದೆ. ಎಂಟು ಗಂಟೆಗೆ ಎರಡು ಪೌಂಡಿಗೆ ಸ್ವಲ್ಪ ಕಡಿಮೆ.

ಹಾಗಾಗಿ ರಾತ್ರಿಯೇ ಕ್ಯಾನುಗಳನ್ನು ಮನೆಯ ಫ್ರಿಜ್‌ನಲ್ಲಿ ಇಡುವುದು ಈ ಇಡೀ ರಿಪೇರಿಗಿಂತ ದೊಡ್ಡ ಲಾಭ, ಅದಕ್ಕೆ ಕಾಸೂ ಬೇಡ. ಎರಡನೆಯ ಜಾಗ ನೆರಳಿಗೆ: ನೇರ ಬಿಸಿಲಿನಲ್ಲಿ ಮೇಲಿನ ಲೆಕ್ಕ ನಿಲ್ಲುವುದಿಲ್ಲ, ಬಣ್ಣದ ಮುಚ್ಚಳವಾದರಂತೂ ಮುಟ್ಟಲಾರದಷ್ಟು ಕಾಯುತ್ತದೆ. ಮುಚ್ಚಳದ ಫೋಮಿಗೆ ಮೂರನೆಯ ಜಾಗ. ಆದರೂ ಅದನ್ನು ಮಾಡಿದ್ದಕ್ಕೆ ಬೇರೆ ಕಾರಣವಿದೆ. ಟೈಲ್‌ಗೇಟ್‌ನಲ್ಲಿ ಕೂಲರ್ ಮೇಲೆ ಯಾರಾದರೂ ಕೂತೇ ಕೂರುತ್ತಾರೆ. ಟೊಳ್ಳು ಮುಚ್ಚಳ ಬಗ್ಗುತ್ತದೆ, ಅಂಚಿನಲ್ಲಿ ಸಂದು ಬೀಳುತ್ತದೆ, ಕೀಲು ಹರಿಯುತ್ತದೆ. ಫೋಮ್ ತುಂಬಿದ ಮುಚ್ಚಳ ಹಲಗೆಯಷ್ಟು ಬಿಗಿಯಾಗಿ ನಿಲ್ಲುತ್ತದೆ.

2. ಮುಚ್ಚಳಕ್ಕೆ ಫೋಮ್

ಸಾಮಾನು: ಎರಡು ದ್ರವ ಬೆರೆಸುವ, ಘನ ಅಡಿಗೆ 2 ಪೌಂಡ್ ಸಾಂದ್ರತೆಯ ಪಾಲಿಯುರಿಥೇನ್ ಫೋಮ್ ಕಿಟ್, ಸುಮಾರು 40 ಡಾಲರ್. 5/16 ಇಂಚು ಡ್ರಿಲ್ ಬಿಟ್, ಕಾಗದದ ಲೋಟ, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ನೈಟ್ರೈಲ್ ಕೈಗವಸು, ಕನ್ನಡಕ, ಆರ್ಗಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮುಖವಾಡ. ಕಿಟ್‌ನ ಒಂದು ದ್ರವದಲ್ಲಿ ಉಸಿರಿಗೆ ಕೆಟ್ಟದಾದ ಐಸೊಸಯನೇಟ್ ಇರುತ್ತದೆ, ಅದಕ್ಕೇ ಮುಖವಾಡ. ಶೆಡ್ಡಿನ ಬಾಗಿಲು ತೆರೆದೇ ಕೆಲಸ.

ಮೊದಲು ಹಾರ್ಡ್‌ವೇರ್ ಅಂಗಡಿಯ 12 ಔನ್ಸ್ ಫೋಮ್ ಕ್ಯಾನ್ ತಂದು ಪ್ರಯೋಗಿಸಿದ್ದು, ಅದು ಫಲಿಸಲಿಲ್ಲ. ಕಾರಣ ಸರಳ: ಕ್ಯಾನ್ ಫೋಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಎಲ್ಲ ಕಡೆ ಮುಚ್ಚಿದ ಮುಚ್ಚಳದ ಒಳಗೆ ಅಷ್ಟು ತೇವ ಸಿಗುವುದಿಲ್ಲ. ತೂತಿನ ಬಳಿ ಗಟ್ಟಿಯಾಗಿ ಬಾಯಿ ಕಟ್ಟಿಕೊಳ್ಳುತ್ತದೆ, ನಡುವೆ ಅಂಟಂಟಾಗಿಯೇ ಉಳಿಯುತ್ತದೆ. ಮುಂದೆ ಬಿಸಿಲಿಗೆ ಬಿದ್ದಾಗ ಆ ಉಳಿದದ್ದು ಉಬ್ಬಿ ಮುಚ್ಚಳದ ಹೊಟ್ಟೆ ಎದ್ದು ನಿಲ್ಲುತ್ತದೆ, ಆಮೇಲೆ ಯಾವ ಭಾರ ಹೇರಿದರೂ ಇಳಿಯುವುದಿಲ್ಲ. ಕ್ಯಾನ್ ಫೋಮ್ ಬಿಟ್ಟು ಗತಿಯಿಲ್ಲದಿದ್ದರೆ ಕಿಟಕಿ ಬಾಗಿಲಿಗೆ ಮಾರುವ ಕಡಿಮೆ ಒತ್ತಡದ ಬಗೆಯನ್ನೇ ತರಬೇಕು. ಒಳಗೆ ತೆಳ್ಳಗೆ ನೀರು ಚಿಮುಕಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿ, ಒಂದು ಪದರ ಪೂರ್ತಿ ಆರಿದ ಮೇಲೆ ಇನ್ನೊಂದು. ಅಂಗಡಿಯವರು ಮೊದಲು ತೋರಿಸುವ ದೊಡ್ಡ ಬಿರುಕಿನ ಫೋಮ್ ಬೇಡ.

ಎರಡು ದ್ರವದ ಫೋಮಿಗೆ ತೇವದ ಹಂಗಿಲ್ಲ. ಬೇಕಾಗುವುದು ಪ್ರಮಾಣ. ಮುಚ್ಚಳದ ಒಳಗಿನ ಅಳತೆ 26 ಇಂಚು ಉದ್ದ, 13 ಅಗಲ, 1 ದಪ್ಪ, ಸುಮಾರು 5.5 ಲೀಟರ್. ಈ ಸಾಂದ್ರತೆಯಲ್ಲಿ ಲೀಟರಿಗೆ 32 ಗ್ರಾಂ, ಅಂದರೆ 177 ಗ್ರಾಂ. ಮೂಲೆ ತುಂಬಲು, ಲೋಟಕ್ಕೆ ಅಂಟಿ ಹೋಗಲು ಇನ್ನೊಂದು 15–20 ಶೇಕಡಾ ಸೇರಿಸಿ 210 ಗ್ರಾಂ. ಎಷ್ಟು ಹಿಡಿಯುತ್ತದೆಂದು ನೀರು ತುಂಬಿಸಿ ಅಳೆಯುವವರಿದ್ದಾರೆ. ಒಳಗೆ ಉಳಿಯುವ ತೇವ ಈ ಫೋಮಿನ ಪಾಕ ಕೆಡಿಸುತ್ತದೆ, ಹಾಗಾಗಿ ಟೇಪಿನಿಂದ ಅಳೆದು ಗುಣಿಸುವುದೇ ಒಳ್ಳೆಯದು.

ತೂತು ಕೊರೆಯುವ ಮೊದಲು ಮುಚ್ಚಳವನ್ನು ತಟ್ಟುತ್ತಾ ಹೋಗಬೇಕು. ಮೇಲಿನ ಮತ್ತು ಕೆಳಗಿನ ಪ್ಲಾಸ್ಟಿಕ್ ಹಾಳೆ ಅಲ್ಲಲ್ಲಿ ಒಂದಕ್ಕೊಂದು ಬೆಸೆದಿರುತ್ತವೆ, ಅಲ್ಲಿ ಸದ್ದು ಬದಲಾಗುತ್ತದೆ. ಆ ಗೆರೆಗಳನ್ನು ದಾಟಿ ಫೋಮ್ ಹರಿಯುವುದಿಲ್ಲ. ಪೆನ್ನಿನಿಂದ ಗುರುತು ಹಾಕಿ, ಪ್ರತಿ ಕೋಣೆಗೂ ಒಂದು ತುಂಬುವ ತೂತು, ಒಂದು ಗಾಳಿ ಹೋಗುವ ತೂತು. ಎಲ್ಲವೂ ಒಳಮೈಯಲ್ಲಿ, ಅಂಚಿನಿಂದ ಒಂದೂವರೆ ಇಂಚು ಒಳಗೆ. ಅಂಚಿಗೆ ಹತ್ತಿರವಾದರೆ ಗ್ಯಾಸ್ಕೆಟ್ (ಸಂದು ಮುಚ್ಚುವ ರಬ್ಬರ್ ಪಟ್ಟಿ) ಕೂರುವ ಜಾಗ ಹಾಳು. ಬಿಟ್ ಎದುರಿನ ಹಾಳೆಗೆ ತಾಗದಂತೆ ತುದಿಯಿಂದ ಅರ್ಧ ಇಂಚಿಗೆ ಟೇಪ್ ಸುತ್ತಿಕೊಳ್ಳಬೇಕು.

ಮುಚ್ಚಳವನ್ನು ಎರಡು ಹಲಗೆಗಳ ನಡುವೆ ಮೇಣದ ಕಾಗದ ಇಟ್ಟು ಆರು ಕ್ಲ್ಯಾಂಪಿನಿಂದ ಬಿಗಿದು, ಉದ್ದದ ಅಂಚಿನ ಮೇಲೆ ನಿಲ್ಲಿಸಿದ್ದು. ಒಳಮೈ ಕಡೆಯ ಹಲಗೆಯನ್ನು ತೂತಿನ ಸಾಲು ಬಿಟ್ಟು ಕೂರುವಂತೆ ಕತ್ತರಿಸಿಕೊಂಡರೆ ಸುರಿಯಲು ಜಾಗ ಉಳಿಯುತ್ತದೆ. ಕ್ಲ್ಯಾಂಪ್ ಇಲ್ಲದೆ ಸುರಿದರೆ ಯಾವ ಫೋಮ್ ಆದರೂ ಹೊಟ್ಟೆ ಉಬ್ಬಿಸುತ್ತದೆ. ದ್ರವಗಳು 24 ಡಿಗ್ರಿ ಆಸುಪಾಸು ಬೆಚ್ಚಗಿರಬೇಕು. ತಣ್ಣಗಿದ್ದರೆ ಹೇಳಿದಷ್ಟು ಉಬ್ಬುವುದಿಲ್ಲ. ಕಿಟ್‌ನಲ್ಲಿ ಹೇಳಿದಂತೆ ಸಮಪಾಲು ಅಳೆದು, ಒಂದು ಸಲಕ್ಕೆ 70 ಗ್ರಾಂ ಮಾತ್ರ ಬೆರೆಸಬೇಕು. ಇಪ್ಪತ್ತು ಸೆಕೆಂಡ್ ಜೋರಾಗಿ ಕಲಕಿ ತಕ್ಷಣ ಸುರಿಯಬೇಕು. ಮುಕ್ಕಾಲು ನಿಮಿಷದಲ್ಲಿ ನೊರೆ ಏಳಲು ಶುರುವಾಗುತ್ತದೆ, ಆಮೇಲೆ ಲೋಟದಿಂದ ತೂತಿಗೆ ಇಳಿಸಲಾಗದು. 210 ಗ್ರಾಮನ್ನೂ ಒಟ್ಟಿಗೆ ಬೆರೆಸಿದರೆ ಅರ್ಧ ಲೋಟದಲ್ಲೇ ಏಳುತ್ತದೆ, ಬಿಸಿಯೂ ಆಗುತ್ತದೆ. ಒಂದು ಸುರಿತ ಗಟ್ಟಿಯಾಗಲು ಹತ್ತು ನಿಮಿಷ ಬಿಟ್ಟು ಮುಂದಿನದು.

ಮೇಲಿನ ತೂತುಗಳಿಂದ ಫೋಮ್ ಇಣುಕಿದರೆ ಆ ಕೋಣೆ ತುಂಬಿತು. ಒಂದು ರಾತ್ರಿ ಹಾಗೇ ಬಿಟ್ಟು, ಹೊರಗೆ ಬಂದದ್ದನ್ನು ಗರಗಸದ ಹಲ್ಲಿನ ಬ್ರೆಡ್ ಚಾಕುವಿನಿಂದ ಸಮ ಮಾಡಿದರೆ ಆಯಿತು. ತೂತುಗಳಿಗೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಬಿರಡೆ. ಸಿಲಿಕೋನ್ ತುಂಬಿ ಬಿಡುವ ಅಂದಾಜಿದ್ದರೆ ಬಿಟ್ಟುಬಿಡಿ: ಕೂಲರ್ ಮೈ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್, ಇವೆರಡಕ್ಕೂ ಸಿಲಿಕೋನ್ ಹಿಡಿಯುವುದಿಲ್ಲ. ಒಣಗಿದ ಮೇಲೆ ಉಗುರಿಗೆ ಎದ್ದು ಬರುತ್ತದೆ. ಕೈಗೆ ತಾಗಿದ ಹಸಿ ಫೋಮನ್ನು ಸಾಬೂನು ನೀರಿನಿಂದ ಆಗಲೇ ತೊಳೆಯಬೇಕು, ಆರಿದರೆ ಚರ್ಮದ ಜೊತೆ ಸವೆದೇ ಹೋಗಬೇಕು.

3. ಕೀಲು, ಗ್ಯಾಸ್ಕೆಟ್, ಕೊಂಡಿ

ಪ್ಲಾಸ್ಟಿಕ್ ಕೀಲು ಮುರಿಯುವುದು ಬರೀ ಹಳತಾದ್ದರಿಂದಲ್ಲ. ಮುಚ್ಚಳ ಹಿಂದಕ್ಕೆ ಪೂರ್ತಿ ಬಿದ್ದು, ಅದರ ಭಾರವೆಲ್ಲ ಕೀಲಿನ ಮೇಲೆ ಬಂದಾಗ. ಸ್ಟೀಲ್ ಕೀಲು ಹಾಕಿ ಸುಮ್ಮನಾದರೆ ಮುಂದಿನ ಸಲ ಕೀಲು ಉಳಿದು ಸ್ಕ್ರೂ ತೂತುಗಳು ಹರಿಯುತ್ತವೆ, ಅದು ಇನ್ನೂ ಕೆಟ್ಟ ರಿಪೇರಿ. ಹಾಗಾಗಿ ಸ್ಟೇನ್‌ಲೆಸ್ ಕೀಲಿನ ಜೊತೆ ಮುಚ್ಚಳ 100 ಡಿಗ್ರಿಗಿಂತ ಹಿಂದೆ ಹೋಗದಂತೆ ಎರಡು ಕಡೆ ನೈಲಾನ್ ಪಟ್ಟಿ. ಹಳೆ ತೂತು ಸಡಿಲಾಗಿದ್ದರೆ ಒಂದು ನಂಬರ್ ಹೆಚ್ಚು ದಪ್ಪದ ಸ್ಕ್ರೂ. ಇದು ಕೈ ಸ್ಕ್ರೂಡ್ರೈವರಿನ ಕೆಲಸ, ಪವರ್ ಡ್ರಿಲ್ ತೆಳು ಪ್ಲಾಸ್ಟಿಕ್ಕಿನ ಹಿಡಿತವನ್ನು ಒಂದೇ ಏಟಿಗೆ ತೆಗೆದುಬಿಡುತ್ತದೆ.

ಗ್ಯಾಸ್ಕೆಟಿಗೆ 3/8 ಇಂಚು ಅಗಲದ ಇಪಿಡಿಎಂ ರಬ್ಬರ್ ಪಟ್ಟಿ, ಮುಚ್ಚಿದ ಕೋಶದ ಬಗೆ. ಮೆತ್ತನೆಯ ಸ್ಪಂಜಿನ ಪಟ್ಟಿ ಅಗ್ಗ, ಆದರೆ ನೀರು ಕುಡಿದು ಎರಡನೇ ವಾರಕ್ಕೆ ನಾರುತ್ತದೆ. ಪಟ್ಟಿಯ ಅಂಟು ಈ ಪ್ಲಾಸ್ಟಿಕ್ಕಿಗೆ ಸುಲಭವಾಗಿ ಹಿಡಿಯದು. ಅಂಚನ್ನು ಸಣ್ಣ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಪ್ರೊಪೇನ್ ಟಾರ್ಚಿನ ಜ್ವಾಲೆಯನ್ನು ಒಂದೇ ಸಲ ಬೇಗ ಆಡಿಸಿದರೆ ಹಿಡಿತ ಹೆಚ್ಚುತ್ತದೆ. ಜ್ವಾಲೆ ನಿಂತರೆ ಪ್ಲಾಸ್ಟಿಕ್ ಮಿರುಗಿ ಕುಗ್ಗುತ್ತದೆ, ಅಲ್ಲಿಗೆ ಅಂಚು ಹೋಯಿತು. ಕೈ ಪಳಗದವರು ಟಾರ್ಚ್ ಬಿಟ್ಟು ಮುಚ್ಚಳದ ಒಳಗಿನ ತೋಡಿನಲ್ಲಿ ಪಟ್ಟಿಯನ್ನು ಒತ್ತಿ ಕೂರಿಸಲಿ.

ದಪ್ಪದ ವಿಷಯದಲ್ಲಿ ಆಸೆ ಬೇಡ. ಹೆಚ್ಚು ದಪ್ಪ ಪಟ್ಟಿ ಹಾಕಿದರೆ ಕೀಲಿನ ಕಡೆ ಮುಚ್ಚಳ ಎದ್ದು ನಿಂತು, ಮುಂದೆ ಮಾತ್ರ ಕೂರುತ್ತದೆ. ಪರೀಕ್ಷೆ ಹಳೆಯದೇ: ಅಂಚಿನಲ್ಲಿ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯುವುದು. ನಾಲ್ಕೂ ಕಡೆ, ಆರಾರು ಇಂಚಿಗೆ. ಎಲ್ಲಿ ಸಲೀಸಾಗಿ ಜಾರಿ ಬರುತ್ತದೋ ಅಲ್ಲಿ ಸಂದು ಇದೆ. ಇಲ್ಲಿ ಸಂದು ಸಿಕ್ಕಿದ್ದು ಮುಂಭಾಗದ ನಡುವೆ. ಅದನ್ನು ಪಟ್ಟಿಯಿಂದ ತುಂಬಿಸಲು ಹೋಗದೆ, ಮುಂದೆ ಎರಡು ರಬ್ಬರ್ ಎಳೆಕೊಂಡಿ ಹಾಕಿ ಮುಚ್ಚಳವನ್ನೇ ಕೆಳಕ್ಕೆ ಎಳೆದದ್ದು. ಸ್ಟೇನ್‌ಲೆಸ್ ಸ್ಕ್ರೂ, ಅಗಲ ವಾಷರ್, ಸ್ಕ್ರೂ ತಲೆಯ ಕೆಳಗೆ ನೀರು ತಡೆಯುವ ಬ್ಯುಟೈಲ್ ಟೇಪಿನ ಸಣ್ಣ ತುಣುಕು. ಒಳಗೋಡೆಯವರೆಗೆ ತೂತು ತೆಗೆಯಬಾರದು. ನೀರು ಗೋಡೆಯ ಫೋಮಿಗೆ ಇಳಿದರೆ ಆ ಫೋಮ್ ಶಾಖ ತಡೆಯುವುದನ್ನು ಬಿಟ್ಟು ಬರೀ ಭಾರ ಹೊರುತ್ತದೆ.

ಗ್ಯಾಸ್ಕೆಟ್ ಹಾಕಿದ ಪೆಟ್ಟಿಗೆಗೆ ಡ್ರೈ ಐಸ್ ಹಾಕಲೇಬಾರದು. ಅದು ಮೈನಸ್ 78.5 ಡಿಗ್ರಿಯಲ್ಲಿ ನೇರ ಅನಿಲವಾಗುತ್ತದೆ, ಬಿಗಿ ಮುಚ್ಚಳದೊಳಗೆ ಒತ್ತಡ ಏರುತ್ತದೆ. ಕಾರಿನೊಳಗೆ ಸೋರಿದರೆ ಉಸಿರಿಗೇ ಅಪಾಯ. ಹತ್ತಿರವಿರುವ ಕ್ಯಾನುಗಳು ಹೆಪ್ಪುಗಟ್ಟಿ ಒಡೆಯುವುದು ಅದರ ಮುಂದೆ ಸಣ್ಣ ನಷ್ಟ.

4. ಬಿರಡೆಯ ಜಾಗಕ್ಕೆ ನಲ್ಲಿ

ಹೆಚ್ಚು ಹೊತ್ತು ತಿಂದದ್ದು ಇದೇ ಹಂತ. ಹೊಸ ತೂತು ಕೊರೆಯದೆ ಹಳೆ ಬಿರಡೆಯ ತೂತನ್ನೇ ಬಳಸಿದ್ದು. ಬೇಕಾದದ್ದು 1/2 ಇಂಚಿನ ಬಾಲ್ ವಾಲ್ವ್, 3 ಇಂಚು ಉದ್ದದ ಥ್ರೆಡ್ ನಿಪ್ಪಲ್ (ತುಂಡು ಪೈಪ್), ಎರಡು ಲಾಕ್ ನಟ್, ಸಿಲಿಕೋನ್ ವಾಷರ್, ಸ್ಟೇನ್‌ಲೆಸ್ ಅಗಲ ವಾಷರ್, ಪೈಪ್ ಸಿಕ್ಕಿಸುವ ಬಾರ್ಬ್, 4 ಅಡಿ ವಿನೈಲ್ ಪೈಪ್. ಎಲ್ಲ ಸೇರಿ 20 ಡಾಲರಿನ ಹತ್ತಿರ. ಮನೆಯಲ್ಲಿ ಬಿಯರ್ ಮಾಡುವವರು ಕೂಲರ್‌ಗೆ ನಲ್ಲಿ ಹಾಕುವ ಜೋಡಣೆಯೇ ಇದು, ಅವರ ಅಂಗಡಿಗಳಲ್ಲಿ ಕಿಟ್ ಆಗಿಯೂ ಸಿಗುತ್ತದೆ.

ಮೊದಲ ತೊಡಕು ನಿಪ್ಪಲ್. ಅಂಗಡಿಯಲ್ಲಿ ಸಿಗುವ 3 ಇಂಚಿನ ನಿಪ್ಪಲ್ಲಿಗೆ ಎರಡು ತುದಿಯಲ್ಲಿ ಮಾತ್ರ ಥ್ರೆಡ್, ನಡುವೆ ಬೋಳು. ಗೋಡೆಯ ದಪ್ಪ ಒಂದೂಕಾಲು ಇಂಚು, ನಟ್ ಬಂದು ನಿಲ್ಲುವುದು ಬೋಳು ಶುರುವಾಗುವ ಕಡೆ. ಗೋಡೆಗೂ ನಟ್ಟಿಗೂ ನಡುವೆ ಸಂದು. ಸ್ಪ್ಯಾನರ್ ಎಷ್ಟು ತಿರುಗಿಸಿದರೂ ವಾಷರ್ ಒತ್ತುವುದಿಲ್ಲ, ನೀರು ಸೋರುತ್ತದೆ, ಕೆಲಸ ಮಾಡಿದವರಿಗೆ ವಾಷರ್ ಮೇಲೆ ಅನುಮಾನ. ಇಲ್ಲಿ ಹೊರಗಡೆ ಇನ್ನೆರಡು ಅಗಲ ವಾಷರ್ ಸೇರಿಸಿ ಸಂದು ತುಂಬಿದ್ದು. ಉದ್ದಕ್ಕೂ ಥ್ರೆಡ್ ಇರುವ ನಿಪ್ಪಲ್ ಸಿಕ್ಕರೆ ಈ ತಲೆನೋವೇ ಇಲ್ಲ. ಹಳೆ ತೂತು 1 1/8 ಇಂಚಿಗಿಂತ ದೊಡ್ಡದಿದ್ದರೆ ವಾಷರ್ ಪೇರಿಸುವುದು ಬಿಟ್ಟು ನೀರಿನ ಟ್ಯಾಂಕಿಗೆ ಹಾಕುವ ಬಲ್ಕ್‌ಹೆಡ್ ಫಿಟ್ಟಿಂಗ್ ತರುವುದು ಲೇಸು. ಅದರ ಪೊಟ್ಟಣದ ಮೇಲೆ ಎಷ್ಟು ತೂತು ಬೇಕೆಂದು ಬರೆದಿರುತ್ತದೆ.

ಜೋಡಣೆಯ ಕ್ರಮ ಒಳಗಿನಿಂದ ಹೊರಕ್ಕೆ: ಲಾಕ್ ನಟ್, ಸ್ಟೇನ್‌ಲೆಸ್ ವಾಷರ್, ಸಿಲಿಕೋನ್ ವಾಷರ್, ಗೋಡೆ, ಅಗಲ ವಾಷರುಗಳು, ಲಾಕ್ ನಟ್, ವಾಲ್ವ್. ಸಿಲಿಕೋನ್ ವಾಷರ್ ನೀರಿರುವ ಕಡೆಗೇ. ಹೊರಗೆ ಹಾಕಿದರೆ ನೀರು ಹೊರಗೆ ಕಾಣುವುದಿಲ್ಲ, ಗೋಡೆಯೊಳಕ್ಕೆ ಇಳಿಯುತ್ತದೆ. ಪ್ಲಂಬರ್ ಟೇಪ್ ವಾಲ್ವ್ ಮತ್ತು ಬಾರ್ಬಿನ ಥ್ರೆಡ್ಡಿಗೆ ಮಾತ್ರ. ಕೈಯಿಂದ ಬಿಗಿದು ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು. ಅದಕ್ಕಿಂತ ಬಿಗಿದರೆ ಗೋಡೆಯೊಳಗಿನ ಫೋಮ್ ಅಮುಕಿ ಪ್ಲಾಸ್ಟಿಕ್ ಗುಳಿ ಬೀಳುತ್ತದೆ, ವಾಷರಿನ ಒಂದು ಅಂಚು ಗಾಳಿಯಲ್ಲಿ ನಿಲ್ಲುತ್ತದೆ. ಸೋರುತ್ತಿದೆ ಎಂದು ಇನ್ನೂ ಬಿಗಿಯುತ್ತಾ ಹೋಗುವವರ ಪೆಟ್ಟಿಗೆ ಹಾಳಾಗುವುದು ಹೀಗೆ.

ಪರೀಕ್ಷೆಗೆ ಎರಡು ಇಂಚು ನೀರು, ಕೆಳಗೆ ಒಣ ರಟ್ಟು, ಒಂದು ರಾತ್ರಿ. ವಾಲ್ವಿನ ಥ್ರೆಡ್ ಬಳಿ ಹನಿ ಕಂಡರೆ ಟೇಪ್ ಸಾಲದು. ವಾಲ್ವ್ ಒಣಗಿದ್ದು, ಹೊರ ವಾಷರಿನ ಸುತ್ತ ತೇವ ಕಂಡರೆ ಒಳಗಿನ ವಾಷರ್ ಹಿಡಿದಿಲ್ಲ. ಎಲ್ಲ ಬಿಚ್ಚಿ, ಗೋಡೆ ಪೂರ್ತಿ ಒಣಗಲು ತೂತು ತೆರೆದು ಕೆಲವು ದಿನ ಬಿಸಿಲಿಗಿಟ್ಟು ಮತ್ತೆ ಕೂರಿಸಬೇಕು.

ಒಳಗಡೆ ನಟ್ಟಿನ ಸುತ್ತ ಪ್ಲಾಸ್ಟಿಕ್ ಜಾಲರಿಯ ಸಣ್ಣ ಗೂಡು ಕಟ್ಟದಿದ್ದರೆ ಐಸ್ ಚೂರು, ಕಿತ್ತುಬಂದ ಲೇಬಲ್ ಕಟ್ಟಿಕೊಂಡು ನಲ್ಲಿ ನಿಲ್ಲುತ್ತದೆ. ತಳಕ್ಕೆಲ್ಲ ಜಾಲರಿ ಹಾಸುವುದುಂಟು. ಊಟದ ಪೆಟ್ಟಿಗೆಗೆ ಅದು ಸರಿ, ಪಾನೀಯದ ಪೆಟ್ಟಿಗೆಗೆ ದಂಡ: ಕ್ಯಾನ್ ನೀರಿನಲ್ಲಿ ಮುಳುಗಿರಬೇಕು, ಮೇಲೆ ಒಣಗಿ ನಿಲ್ಲಬಾರದು.

5. ಗಾಡಿ

ತುಂಬಿದ ಮೇಲೆ ಭಾರ ಹೀಗೆ: 48 ಕ್ಯಾನ್ ಹದಿನೆಂಟೂವರೆ ಕೆ.ಜಿ., 40 ಪೌಂಡ್ ಐಸ್ ಹದಿನೆಂಟು, ಪೆಟ್ಟಿಗೆ ಆರು, ಮರದ ಚೌಕಟ್ಟು ಗಾಲಿ ಸೇರಿ ಹದಿನಾಲ್ಕು. ಒಟ್ಟು 56 ಕೆ.ಜಿ. ಮೇಲೆ.

ಕೂಲರ್ ಮೈಗೆ ಅಚ್ಚು ತೂರಿಸುವ ಯೋಚನೆಯನ್ನೇ ಮಾಡಬಾರದು, ಮೊದಲ ಗುಂಡಿಗೆ ಪ್ಲಾಸ್ಟಿಕ್ ಸೀಳುತ್ತದೆ. ಎಂಟಡಿಯ ಎರಡು ಟೂ-ಬೈ-ಫೋರ್ ಮರದ ಪಟ್ಟಿ ತಂದು ಕತ್ತರಿಸಿದ್ದು: 30 ಇಂಚಿನ ಎರಡು ಪಕ್ಕದ ಪಟ್ಟಿ, 13 ಇಂಚಿನ ಮೂರು ಅಡ್ಡ ಪಟ್ಟಿ, ಏಳೂಕಾಲು ಇಂಚಿನ ಎರಡು ಕಾಲು, 22 ಇಂಚಿನ ಎರಡು ಮೂಕಿ. ಹೆಸರು ಟೂ-ಬೈ-ಫೋರ್ ಆದರೂ ಅಳತೆ ಒಂದೂವರೆ, ಮೂರೂವರೆ ಇಂಚು. ಅಡ್ಡ ಪಟ್ಟಿ 13 ಆದದ್ದು ಅದಕ್ಕೇ, ಹೊರ ಅಗಲ 16 ಬರುತ್ತದೆ. ಮೇಲೆ 30ಕ್ಕೆ 16 ಇಂಚಿನ ಅರ್ಧ ಇಂಚು ಪ್ಲೈವುಡ್. ಎರಡೂವರೆ ಇಂಚಿನ ಡೆಕ್ ಸ್ಕ್ರೂ. ತುದಿಗಳಲ್ಲಿ 1/8 ಇಂಚು ಬಿಟ್‌ನಿಂದ ಮೊದಲೇ ಕೊರೆದುಕೊಳ್ಳದಿದ್ದರೆ ಪೈನ್ ಮರ ಸೀಳುತ್ತದೆ.

ಗಾಲಿ 10 ಇಂಚಿನದು, ಗಾಳಿ ತುಂಬುವಂಥದ್ದು, ಜೋಡಿಗೆ 20 ಡಾಲರ್. ಅಚ್ಚು 5/8 ಇಂಚಿನ ಉಕ್ಕಿನ ಸಲಾಕೆ, 23 ಇಂಚಿಗೆ ಕತ್ತರಿಸಿದ್ದು: ಚೌಕಟ್ಟು 16, ಆಮೇಲೆ ಪ್ರತಿ ಕಡೆ ಗಾಲಿಯ ಗುಂಬ, ಎರಡು ವಾಷರ್, ಪಿನ್ ಜಾಗ ಸೇರಿ ಮೂರೂವರೆ. ಗುಂಬ ಎಲ್ಲ ಗಾಲಿಗೂ ಒಂದೇ ಉದ್ದ ಇರುವುದಿಲ್ಲ, ಗಾಲಿ ಕೈಯಲ್ಲಿ ಹಿಡಿದು ಅಳೆದ ಮೇಲೆಯೇ ಸಲಾಕೆಗೆ ಗರಗಸ ಇಡಬೇಕು. ಪಕ್ಕದ ಪಟ್ಟಿಗಳಲ್ಲಿ ಹಿಂತುದಿಯಿಂದ 6 ಇಂಚಿಗೆ 11/16 ಇಂಚು ತೂತು, ಎರಡೂ ಪಟ್ಟಿ ಒಟ್ಟಿಗೆ ಕ್ಲ್ಯಾಂಪ್ ಮಾಡಿ ಒಂದೇ ಸಲ ಕೊರೆದದ್ದು. ಬೇರೆ ಬೇರೆ ಕೊರೆದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಸಲಾಕೆಯ ತುದಿಯಲ್ಲಿ 1/8 ಇಂಚು ತೂತು, ಅದಕ್ಕೆ ಕಾಟರ್ ಪಿನ್. ಎತ್ತಿನ ಗಾಡಿಯಲ್ಲಿ ಕಡಾಣಿ ಮಾಡುವ ಕೆಲಸವೇ. ಉರುಟು ಸಲಾಕೆಗೆ ತೂತು ಕೊರೆಯುವಾಗ ಬಿಟ್ ಜಾರುತ್ತದೆ. ಅರದಿಂದ ಸ್ವಲ್ಪ ಚಪ್ಪಟೆ ಮಾಡಿ, ಪಂಚ್ ಹೊಡೆದು, ಎಣ್ಣೆ ಬಿಟ್ಟು ನಿಧಾನವಾಗಿ ಕೊರೆಯಬೇಕು.

ಅಚ್ಚು ನೆಲದಿಂದ 5 ಇಂಚಿನಲ್ಲಿ, ಪಟ್ಟಿಯ ತಳ ಮೂರೂಕಾಲು ಇಂಚಿನಲ್ಲಿ. ಎದುರು ತುದಿಯ ಕಾಲು ಪಟ್ಟಿಯ ಕೆಳಗೆ ಮೂರೂಮುಕ್ಕಾಲು ಇಂಚು ಇಳಿಯುವಂತೆ ಇಟ್ಟದ್ದು. ಆ ಅರ್ಧ ಇಂಚಿನ ವಾಟ ಬೇಕೆಂದೇ: ನೀರು ಗಾಲಿಯ ಕಡೆಗೆ ಹರಿಯಬೇಕು, ನಲ್ಲಿ ಇರುವುದು ಆ ತುದಿಯಲ್ಲಿ. ಮೂಕಿ ಹಿಡಿದು ಎತ್ತಿದಾಗಲೂ ನೀರು ಅದೇ ದಿಕ್ಕಿಗೆ ಬರುತ್ತದೆ.

ಮೂಕಿಗಳು ಚೌಕಟ್ಟಿನ ಪಕ್ಕಕ್ಕೆ ತಾಗಿ 6 ಇಂಚು, ಮುಂದಕ್ಕೆ ಚಾಚಿ 16 ಇಂಚು. ಕೊನೆಗೆ ಹಿಡಿಗೆ ಒಂದೂಕಾಲು ಇಂಚಿನ ಉರುಟು ಕೋಲು. ಈ 16 ಇಂಚು ಇಲ್ಲದೆ ಚೌಕಟ್ಟಿನ ತುದಿಯನ್ನೇ ಹಿಡಿದು ಎತ್ತಿದರೆ ಕೈಗೆ 21 ಕೆ.ಜಿ. ಬರುತ್ತದೆ, ಹೊರಚಾಚಿದ ಮೂಕಿಯಲ್ಲಿ ಹನ್ನೆರಡು ಹದಿಮೂರು. ಪ್ರತಿ ಮೂಕಿಗೆ 3/8 ಇಂಚಿನ, ಮೂರೂವರೆ ಇಂಚು ಉದ್ದದ ಎರಡು ಕ್ಯಾರೇಜ್ ಬೋಲ್ಟು, ಒಂದಕ್ಕೆ ರೆಕ್ಕೆ ನಟ್. ರೆಕ್ಕೆ ನಟ್ ಬಿಚ್ಚಿ ಆ ಬೋಲ್ಟು ತೆಗೆದರೆ ಮೂಕಿ ಮೇಲಕ್ಕೆ ಮಡಚುತ್ತದೆ. ಮಡಚದಿದ್ದರೆ ಚೌಕಟ್ಟೇ 46 ಇಂಚು ಉದ್ದ, ಬಹಳ ಕಾರುಗಳ ಡಿಕ್ಕಿಗೆ ಹಿಡಿಯುವುದಿಲ್ಲ.

ಪೆಟ್ಟಿಗೆಯನ್ನು ಚೌಕಟ್ಟಿಗೆ ಹಿಡಿಸಿದ್ದು ಎಳೆದು ಬಿಗಿಯುವ ಎರಡು ಕ್ಯಾಮ್ ಪಟ್ಟಿಗಳಿಂದ, ಪೆಟ್ಟಿಗೆಯ ಹಿಡಿಗಳ ಮೂಲಕ, ಮುಚ್ಚಳ ತೆರೆಯಲು ಅಡ್ಡವಾಗದಂತೆ. ಮರಕ್ಕೆ ಹೊರಾಂಗಣದ ಯುರಿಥೇನ್ ವಾರ್ನಿಷ್ ಮೂರು ಕೈ, ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ ಇನ್ನೊಂದು. ನೀರು ಹೀರುವುದು ಅಂಚಿನಿಂದಲೇ.

6. ಕೈಗೆಟಕುವಂತೆ

ಪೆಟ್ಟಿಗೆಯ ಬಾಯಿ ನೆಲದಿಂದ 22 ಇಂಚು, ಕುರ್ಚಿಯಲ್ಲಿ ಕೂತವರಿಗೆ ಕೈ ಸಿಗುವ ಎತ್ತರ. ಪಕ್ಕಕ್ಕೆ ಮಡಚುವ 10 ಇಂಚಿನ ಹಲಗೆ, ಅದರಲ್ಲಿ ನಾಲ್ಕು ಲೋಟದ ತೂತು. ಕ್ಯಾನಿನ ಅಡ್ಡಳತೆ 66 ಮಿ.ಮೀ., ಎರಡೂಮುಕ್ಕಾಲು ಇಂಚಿನ ತೂತು ಸಾಕೆನಿಸುತ್ತದೆ. ಆದರೆ ಫೋಮ್ ಕವಚ ತೊಡಿಸಿದ ಕ್ಯಾನ್ ಅದರಲ್ಲಿ ಇಳಿಯುವುದಿಲ್ಲ. ಮೂರೂಕಾಲು ಇಂಚಿನ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಸರಿ. ಕೆಳಗೆ ಎರಡು ಇಂಚಿನಲ್ಲಿ ತಳದ ಪಟ್ಟಿ ಬೇಕು. ಬಾಟಲಿ ಓಪನರ್ ಹಾಕಿಲ್ಲ: ಬಹಳ ಲಾಟುಗಳಲ್ಲಿ ಗಾಜಿನ ಬಾಟಲಿಗೂ ಕೆಗ್ಗಿಗೂ (ಬಿಯರ್ ಪೀಪಾಯಿ) ನಿಷೇಧ. ಸ್ಟೇಡಿಯಂನ ನಿಯಮ ಓದಿಕೊಂಡೇ ಇಂಥದ್ದಕ್ಕೆ ದುಡ್ಡು ಹಾಕುವುದು.

ಒಟ್ಟು ಖರ್ಚು ಸುಮಾರು 175 ಡಾಲರ್: ಫೋಮ್ 40, ಗ್ಯಾಸ್ಕೆಟ್ 8, ಕೊಂಡಿ 12, ಕೀಲು 10, ನಲ್ಲಿ 20, ಗಾಲಿ 20, ಅಚ್ಚು ಪಿನ್ನು 14, ಮರ 8, ಪ್ಲೈವುಡ್ 18, ಸ್ಕ್ರೂ ಪಟ್ಟಿ ವಾರ್ನಿಷ್ 25. ಇದರಲ್ಲಿ ತಂಪಿಗೆ ಹೋದದ್ದು ಅರ್ಧಕ್ಕಿಂತ ಕಡಿಮೆ.

7. ತುಂಬುವ ಕ್ರಮ

ಹಿಂದಿನ ರಾತ್ರಿ ಒಂದು ಸಣ್ಣ ಐಸ್ ಚೀಲ ಪೆಟ್ಟಿಗೆಯೊಳಗಿಟ್ಟು ಮುಚ್ಚಬೇಕು, ಗೋಡೆ ತಣಿಯುತ್ತದೆ. ಬೆಳಗ್ಗೆ ಆ ನೀರು ಬಿಡಬೇಕು. ಲಾಟ್ ಸೇರಿದ ಮೇಲೆ ಫ್ರಿಜ್‌ನಿಂದ ತಂದ ಕ್ಯಾನುಗಳನ್ನು ನಿಲ್ಲಿಸಿ, ಮೇಲೆ ಐಸ್. ಕಾರಿಗೆ ಏರಿಸುವಾಗ ಪೆಟ್ಟಿಗೆ ಖಾಲಿ ಇರಲಿ, ತುಂಬುವುದು ಲಾಟ್‌ನಲ್ಲಿ. ಮನೆಯಲ್ಲಿ ದಪ್ಪ ಗಡ್ಡೆ ಮಾಡಲು ಒಂದು ಗ್ಯಾಲನ್ ಹಾಲಿನ ಡಬ್ಬಿಗೆ ನೀರು ತುಂಬಿ ಫ್ರೀಜರಿನಲ್ಲಿ ಇಡಬಹುದು, ಹತ್ತನೇ ಒಂದು ಪಾಲು ಖಾಲಿ ಬಿಟ್ಟು. ನೀರು ಗಡ್ಡೆಯಾದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಗಡ್ಡೆ ಹೊತ್ತು ಬಾಳುತ್ತದೆ, ಚೂರು ಐಸ್ ಬೇಗ ತಣಿಸುತ್ತದೆ. ಎರಡೂ ಬೇಕು.

ಕರಗಿದ ನೀರನ್ನು ಚೆಲ್ಲುವ ಆತುರ ಬೇಡ. ನಲ್ಲಿ ಹಾಕಿದವರಿಗೆ ಅದನ್ನು ತಿರುಗಿಸುವ ಆಸೆ ಇದ್ದೇ ಇರುತ್ತದೆ. ಐಸ್ ನೀರು ಕ್ಯಾನನ್ನು ಸುತ್ತಲೂ ಮುಟ್ಟುತ್ತದೆ, ಬರೀ ಐಸ್ ಅಲ್ಲಲ್ಲಿ ಮಾತ್ರ. ನೀರು ಚೆಲ್ಲಿದರೆ ಆ ಜಾಗಕ್ಕೆ ಬಿಸಿ ಗಾಳಿ ಬರುತ್ತದೆ. ಹೊಸ ಐಸ್ ಹಾಕಲು ಜಾಗ ಬೇಕಾದಾಗ, ಗಾಡಿ ಎಳೆದು ಹೊರಡುವಾಗ ಮಾತ್ರ ನಲ್ಲಿ ತೆರೆಯುವುದು. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಹಾಗಾಗಿ ತಳದ ನೀರು 4ರ ಆಸುಪಾಸು ನಿಲ್ಲುತ್ತದೆ, ಐಸ್ ಮೇಲೆ ತೇಲುತ್ತದೆ. ಇನ್ನೂ ತಣ್ಣಗೆ ಬೇಕೆಂದರೆ ಒಮ್ಮೆ ಕೈಯಾಡಿಸಿದರೆ ಸಾಕು.

ಬೆಚ್ಚಗಿನ ಕ್ಯಾನುಗಳನ್ನು ಅವಸರಕ್ಕೆ ತಣಿಸಲು ಉಪ್ಪು ಹಾಕುವುದುಂಟು. ಒಂದೆರಡು ಹಿಡಿ ಸಾಕು. ಸುರಿದರೆ ನೀರು ಸೊನ್ನೆಗಿಂತ ಬಹಳ ಕೆಳಕ್ಕೆ ಹೋಗಿ ಸಕ್ಕರೆಯಿಲ್ಲದ ಡಯಟ್ ಸೋಡಾ ಮೊದಲು ಹೆಪ್ಪುಗಟ್ಟುತ್ತದೆ, ಕ್ಯಾನ್ ಉಬ್ಬುತ್ತದೆ. ಐಸ್ ಕೂಡ ಬೇಗ ಖರ್ಚಾಗುತ್ತದೆ.

ಊಟದ ಸಾಮಾನು ಈ ಪೆಟ್ಟಿಗೆಗೆ ಬೇಡವೇ ಬೇಡ. ಪಾನೀಯದ ಮುಚ್ಚಳವನ್ನು ಐದೈದು ನಿಮಿಷಕ್ಕೆ ಯಾರೋ ತೆರೆಯುತ್ತಿರುತ್ತಾರೆ, ಒಳಗೆ ಹತ್ತಾರು ಕೈ ಅದ್ದಿರುತ್ತವೆ. ಮಾಂಸ, ಮೊಸರನ್ನ, ಮಜ್ಜಿಗೆ 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4 ಸೆಲ್ಸಿಯಸ್ ಕೆಳಗೇ ಇರಬೇಕು, ಅದಕ್ಕೆ ಇನ್ನೊಂದು ಪೆಟ್ಟಿಗೆ. ಕನ್ನಡ ಕೂಟದ ಬೇಸಿಗೆ ಪಿಕ್ನಿಕ್‌ಗೆ ಇದೇ ಗಾಡಿ ಒಯ್ದರೂ ಮಜ್ಜಿಗೆ ಜಗ್ಗು ಇದರಲ್ಲಿ ಇಡುವಂತಿಲ್ಲ. ಲೋಟಕ್ಕೆ ಹಾಕುವ ಐಸ್ ಕೂಡ ಬೇರೆ ಚೀಲದಲ್ಲಿ.

ಇದೆಲ್ಲ ಟೆಕ್ಸಸ್ಸಿನ ಸೆಪ್ಟೆಂಬರ್ ಸೆಕೆಗೆ ಹೇಳಿದ್ದು. ವಿಸ್ಕಾನ್ಸಿನ್‌ನ ಗ್ರೀನ್ ಬೇಯಲ್ಲಿ ವೃತ್ತಿಪರ ಫುಟ್‌ಬಾಲ್ ನಡೆಯುವ ಲ್ಯಾಂಬೋ ಫೀಲ್ಡ್ ಲಾಟ್‌ಗೆ ಡಿಸೆಂಬರಿನಲ್ಲಿ ಹೋಗುವವರು ಇದೇ ಪೆಟ್ಟಿಗೆಯನ್ನು ಐಸ್ ಇಲ್ಲದೆ ಒಯ್ಯಬೇಕು, ಕ್ಯಾನ್ ಹೆಪ್ಪುಗಟ್ಟದಿರಲಿ ಅಂತ.

8. ಮನೆಗೆ ಬಂದ ಮೇಲೆ, ಮತ್ತು ಬಾಕಿ

ನಲ್ಲಿ ತೆರೆದು ನೀರು ಬಿಟ್ಟು, ಸಾಬೂನಿನಿಂದ ತೊಳೆದು, ವಾಲ್ವನ್ನು ಅರ್ಧ ತೆರೆದು ಒಣಗಿಸಬೇಕು. ಬಾಲ್ ವಾಲ್ವ್ ಮುಚ್ಚಿದ್ದರೆ ಚೆಂಡಿನ ಸುತ್ತ ನೀರು ನಿಂತು, ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಹೆಪ್ಪುಗಟ್ಟಿ ವಾಲ್ವ್ ಸೀಳಬಹುದು. ಮುಚ್ಚಳದ ಸಂದಿಗೆ ಒಂದು ಮರದ ತುಂಡು ಸಿಕ್ಕಿಸಿ ಇಟ್ಟರೆ ಗ್ಯಾಸ್ಕೆಟ್ ಚಪ್ಪಟೆಯಾಗುವುದಿಲ್ಲ, ವಾಸನೆಯೂ ಕಟ್ಟುವುದಿಲ್ಲ. ಉಪ್ಪು ಹಾಕಿದ್ದರೆ ಅಚ್ಚು, ಪಿನ್ನು, ಸ್ಕ್ರೂಗಳ ಮೇಲೂ ಸಿಹಿನೀರು ಬಿಡಬೇಕು.

ಬಾಕಿ ಎರಡು. ನಲ್ಲಿ ಹಿಂತುದಿಯಿಂದ ಎರಡು ಇಂಚು ಹೊರಗೆ ಚಾಚಿದೆ, ಫುಟ್‌ಪಾತಿನ ಅಂಚಿಗೆ ತಾಗುತ್ತದೆ. ಕೋನಪಟ್ಟಿಯಿಂದ ಕಾವಲು ಕಟ್ಟಬೇಕು, ಅಥವಾ ಪ್ಲೈವುಡ್ಡನ್ನು ಮೂರು ಇಂಚು ಹಿಂದಕ್ಕೆ ಉದ್ದ ಮಾಡಬೇಕು. ಎರಡನೆಯದು ಅಚ್ಚಿನ ತೂತು: ಮರ ಸವೆದು ಅಗಲವಾಗುತ್ತಿದೆ. ಅಲ್ಲಿ ಉಕ್ಕಿನ ಬುಷ್ ಕೂರಿಸಲು ತೂತನ್ನು ದೊಡ್ಡದು ಮಾಡಬೇಕು, ಅದಕ್ಕೆ ಗಾಲಿ, ಅಚ್ಚು ಎರಡೂ ಬಿಚ್ಚಬೇಕು.